ನೆತ್ತರಿಗೆ ಬರೆಸಿದ ಹೆಸರು

ಎಪ್ಪತ್ತಾರನೆಯ ಇಸವಿ. ಹಸ್ತಾ ಮಳೆ ಸುರಿದು ಹೋಗಿ ಬಮ್ಮಿಗಟ್ಟಿಯ ಗದ್ದೆಗಳಲ್ಲಿ ನೀರು ನಿಂತಲ್ಲೇ ನಿಂತಿತ್ತು. ಹಗಲೂಟದ ಹೊತ್ತು. ಗೌರಕ್ಕ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಮೊದಲು ಬೆರಳ ತುದಿ ತಣ್ಣಗಾಯಿತು. ಆಮೇಲೆ ಉಗುರು ನೇರಳೆ ಹಣ್ಣು ತಿಂದವರ ನಾಲಿಗೆಯ ಬಣ್ಣಕ್ಕೆ ತಿರುಗಿತು. ಇದೇನು ಅಂತ ನೋಡುತ್ತಿರುವಾಗಲೇ ಬೆನ್ನಿನೊಳಗಿಂದ ನಡುಕ ಎದ್ದು, ಮೊರ ಕೈಯಿಂದ ಜಾರಿ, ಅಕ್ಕಿಯೆಲ್ಲ ಗುಬ್ಬಿಗಳ ಪಾಲಾಯಿತು.

ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದಳು. ಅದು ಮನೆಯ ಹಿಂಬದಿಯ ಕೋಣೆ, ಮೊದಲು ಅಲ್ಲಿ ಹೊಟ್ಟು ತುಂಬುತ್ತಿದ್ದರು. ಕಂಬಳಿ ಹೊದ್ದು ಅದರ ಮೇಲೆ ತವರಿನಿಂದ ಬಂದ ಜಮಖಾನೆ ಎಳೆದುಕೊಂಡರೂ ಹಲ್ಲು ಹಲ್ಲಿಗೆ ಬಡಿಯುವುದು ನಿಲ್ಲಲಿಲ್ಲ. ಗೋಡೆಯಾಚೆ ತೊಟ್ಟಿಲ ಹಗ್ಗ ಕಿರಗುಟ್ಟುತ್ತಿತ್ತು. ಮಹಾದೇವಕ್ಕ ಕಿರಿಮಗಳನ್ನು ಮಲಗಿಸುತ್ತಿದ್ದಳು.

ಮಹಾದೇವಕ್ಕ ಗೌರಕ್ಕನ ಗಂಡ ಈರಬಸಪ್ಪನ ಎರಡನೆಯ ಹೆಂಡತಿ. ಗೌರಕ್ಕನಿಗೆ ಮಕ್ಕಳಾಗಲಿಲ್ಲ ಅಂತ ವರ್ಷಗಟ್ಟಲೆ ದಾರಿ ನೋಡಿ, ಅತ್ತೆಯೇ ಮುಂದೆ ನಿಂತು ಈಕೆಯನ್ನು ತಂದಿದ್ದಳು. ಜಗಳವೇನೂ ಆಗಲಿಲ್ಲ. ಗೌರಕ್ಕ ತನ್ನ ಸೀರೆಯ ಗಂಟು ಎತ್ತಿಕೊಂಡು ಹಿಂದಿನ ಕೋಣೆಗೆ ಬಂದಳು, ಅಷ್ಟೆ. ಅಂದಿನಿಂದ ಊರಿಗೆಲ್ಲ ಆಕೆ ದೊಡ್ಡಾಕಿ. ದೊಡ್ಡಾಕಿಗೆ ಕೇಳ್ರಿ, ದೊಡ್ಡಾಕಿ ಕಡೆ ಕೊಡ್ರಿ ಅನ್ನುವರು. ಮಹಾದೇವಕ್ಕ 'ಅಕ್ಕಾರ' ಅನ್ನುವಳು. ಗಂಡ ಏನೂ ಅನ್ನುತ್ತಿರಲಿಲ್ಲ, ಬೇಕಾದಾಗ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ.

ಸಂಜೆಗೆ ಮೈ ಕಾದ ಹೆಂಚಾಯಿತು. ಆಮೇಲೆ ಬೆವರು ಕಿತ್ತು ಹರಿದು ಸೀರೆಯೆಲ್ಲ ತೊಯ್ದು ಜ್ವರ ಇಳಿಯಿತು. ಮರುದಿನ ಎದ್ದರೆ ಏನೂ ಇಲ್ಲ, ಬರೀ ನಿಶ್ಶಕ್ತಿ. ಕೊಟ್ಟಿಗೆ ಬಳಿದಳು, ನೀರು ತಂದಳು. ಅದರ ಮರುದಿನ ಅದೇ ಹೊತ್ತಿಗೆ ಮತ್ತೆ ಉಗುರು ನೇರಳೆಯಾಯಿತು. ಹೀಗೆ ಒಂದು ದಿನ ಬಿಟ್ಟು ಒಂದು ದಿನ. ಬೇನೆ ಅನ್ನುವಂತಿಲ್ಲ, ಗುಣ ಅನ್ನುವಂತಿಲ್ಲ.

“ಅಕ್ಕಾರ, ನಿಮ್ಮ ಜ್ವರಕ್ಕೂ ಪಾಳಿ ಐತೇನ್ರಿ?” ಅಂದಳು ಮಹಾದೇವಕ್ಕ. “ನಿನ್ನೆ ನೆಟ್ಟಗ ಓಡ್ಯಾಡಿದ್ರಿ, ಇವತ್ತ ನೋಡಿದ್ರ ಮುಸುಗು. ನಾನೂ ಹಿಂಗ ಪಾಳಿ ಹಚ್ಚಿ ಮಲಕೊಂಡ್ರ ಈ ಮನಿ ನಡದಂಗ.”

ಮಾತಿನಲ್ಲಿ ವಿಷ ಇರಲಿಲ್ಲ, ದಣಿವಿತ್ತು. ನಾಲ್ಕು ಮಕ್ಕಳನ್ನು ಕಟ್ಟಿಕೊಂಡವಳು ಅವಳು.

ಸಂತೆಯ ದಿನ ಈರಬಸಪ್ಪ ಚಕ್ಕಡಿ ಹೂಡಿದಾಗ ಮಹಾದೇವಕ್ಕನೇ ಹೇಳಿದಳು: “ಅಕ್ಕಾರನ್ನ ಹೆಂಗಿದ್ರೂ ಕಲಘಟಗಿ ದವಾಖಾನಿಗೆ ಒಯ್ಯಿರಿ. ಮೋತಿ ನೋಡ್ರಿ, ಸುಣ್ಣ ಆಗೇತಿ.” ಈರಬಸಪ್ಪ ನೋಡಿದ. ಚಕ್ಕಡಿಯಲ್ಲಿ ಹುಲ್ಲು ಹರವಿದ. ದವಾಖಾನೆಯ ಮುಂದೆ ಇಳಿಸಿ, “ಸಂತಿ ಮುಗಿಸಿ ಬರ್ತೀನಿ. ಇಲ್ಲೇ ಕುಂಡ್ರು” ಅಂದು ಎತ್ತಿನ ಹಗ್ಗ ಕೊಳ್ಳಲು ಹೋದ.

ಪಾಳಿಯಲ್ಲಿ ಜ್ವರದವರೇ ಜಾಸ್ತಿ ಇದ್ದರು. ಆ ವರ್ಷ ಅಡವಿಯ ಸೆರಗಿನ ಊರುಗಳಲ್ಲೆಲ್ಲ ಹಾಗೆಯೇ. ಒಂದು ಕಿಟಕಿಯ ಹತ್ತಿರ ಕನ್ನಡಕದವನೊಬ್ಬ ಕರಿ ಕೊಳವೆಯೊಂದಕ್ಕೆ ಕಣ್ಣು ಹಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಬಗ್ಗಿಕೊಂಡೇ ಕೂತಿದ್ದ. ಅದೇ ದುರ್ಬೀನು, ಅದರೊಳಗೆ ಮಂದಿಯ ನೆತ್ತರು ನೋಡುತ್ತಾರೆ ಅಂತ ಬಾಜೂಕಿನವರು ಹೇಳಿದರು. ಆತ ಒಮ್ಮೆಯೂ ತಲೆ ಎತ್ತಿ ಮಂದಿಯನ್ನು ನೋಡಲಿಲ್ಲ.

ಗೌರಕ್ಕನ ಪಾಳಿ ಬಂದಾಗ ನೆತ್ತರು ತೆಗೆಯುವವನು ಆಕೆಯ ಎಡಗೈಯ ಬೆರಳು ಒರೆಸಿ, ಸೂಜಿ ಚುಚ್ಚಿ, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಇಳಿಸಿಕೊಂಡ. ಸೀಸದ ಕಡ್ಡಿ ಎತ್ತಿಕೊಂಡು, “ಹೆಸರೇನ್ರಿ?” ಅಂದ.

ಗೌರಕ್ಕ ಸೆರಗು ಸರಿ ಮಾಡಿಕೊಂಡಳು.

“ಲಗೂ ಹೇಳ್ರಿ, ಹಿಂದ ಮಂದಿ ನಿಂತಾರ.”

ಹೆಸರು ಅಂತ ಯಾರೂ ಕೇಳಿ ಎಷ್ಟು ವರ್ಷವಾಗಿತ್ತೋ. ಬೆರಳ ತುದಿಯಲ್ಲಿ ಮತ್ತೊಂದು ಹನಿ ಕೂಡುತ್ತಿತ್ತು. ಅದನ್ನೇ ನೋಡುತ್ತ, “ಕಸ್ತೂರೆವ್ವ” ಅಂದಳು.

“ಗಂಡನ ಹೆಸರು?”

ಗಂಡನ ಹೆಸರು ಬಾಯಿಂದ ಹೇಗೆ ಹೇಳುವುದು? ನೆಲ ನೋಡಿದಳು. ಅಂಥ ಹೆಂಗಸರನ್ನು ದಿನಾ ನೋಡುವವನು ಆತ. ಅದನ್ನು ಖಾಲಿ ಬಿಟ್ಟು ಊರು ಕೇಳಿದ. ಬಮ್ಮಿಗಟ್ಟಿ ಅಂದಳು. ಆತ ನಾಲ್ಕು ಗುಳಿಗೆ ಕೊಟ್ಟು ಅಲ್ಲೇ ನುಂಗಿಸಿದ. ಕಹಿ ಗಂಟಲಲ್ಲೇ ನಿಂತಿತು. ತಿರುಗಿ ಬರುವಾಗ ಚಕ್ಕಡಿಯ ಕುಲುಕಿಗೆ ಹಳ್ಳದ ಹತ್ತಿರ ಅಷ್ಟೂ ವಾಂತಿಯಾಗಿ ಹೋಯಿತು. ಈರಬಸಪ್ಪ ಎತ್ತು ನಿಲ್ಲಿಸಿ, ಬೇರೆ ಕಡೆ ನೋಡುತ್ತ ಕಾದ.

ಕಸ್ತೂರೆವ್ವ ಅನ್ನುವುದು ತವರಿನ ಹೆಸರು. ನವಲಗುಂದದ ಕಡೆ, ಬೆಣ್ಣೆಹಳ್ಳದ ದಂಡೆಯ ಊರಿನಲ್ಲಿ ಅಪ್ಪ ಶಂಕ್ರಪ್ಪ ತನ್ನ ಅಜ್ಜಿಯ ನೆನಪಿಗೆ ಇಟ್ಟದ್ದು. ಮದುವೆಯಾಗಿ ಬಮ್ಮಿಗಟ್ಟಿಗೆ ಬಂದ ದಿನವೇ ಅದು ಹೋಯಿತು. ಅತ್ತೆಯ ಹೆಸರೂ ಕಸ್ತೂರೆವ್ವ. ಒಂದು ಮನೆಯಲ್ಲಿ ಅತ್ತೆ ಸೊಸೆಗೆ ಒಂದೇ ಹೆಸರು ನಡೆಯುವುದುಂಟೇ? ಸೊಸೆಯನ್ನು ಬೈದರೆ ಅತ್ತೆಯನ್ನು ಬೈದಂತೆ. ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಗೌರಕ್ಕ ಅಂತ ಬರೆಸಿ ಒಳಗೆ ಕರೆದುಕೊಂಡರು. ಅತ್ತೆಯ ಹೆಸರು ಸೊಸೆ ಆಡಬಾರದು. ಹಾಗಾಗಿ ತನ್ನ ಹೆಸರನ್ನೂ ತಾನು ಆಡಲಿಲ್ಲ. ಅಂಗಡಿಯಲ್ಲಿ ಕಸ್ತೂರಿ ಅರಿಶಿನ ಬೇಕಾದರೂ 'ಆ ವಾಸನಿ ಅರಿಶಿಣ' ಅಂತಲೇ ಕೇಳುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೂ ನಾಲಿಗೆ ಹಾಗೆಯೇ ಉಳಿಯಿತು. ದವಾಖಾನೆಯಲ್ಲಿ ಯಾಕೆ ಬಂತು ಅಂತ ಕೇಳಿದರೆ ಆಕೆಗೂ ಹೇಳಲು ಬರುತ್ತಿರಲಿಲ್ಲ.

ಎರಡು ವಾರ ಕಳೆದವು. ಜ್ವರ ತನ್ನ ಪಾಳಿ ಬಿಡಲಿಲ್ಲ. ಮೊದಮೊದಲು ಬಿಡುವಿನ ದಿನ ಎದ್ದು ಓಡಾಡುತ್ತಿದ್ದವಳು ಈಗ ಕೊಡ ಎತ್ತಲಾರದವಳಾದಳು. ಎಡ ಪಕ್ಕೆಯಲ್ಲಿ ಒಂದು ಗಡ್ಡೆ ಕೈಗೆ ಹತ್ತುತ್ತಿತ್ತು. ಮೂಗಿನ ಹತ್ತಿರ ಕೈ ಹಿಡಿದರೆ ತನ್ನ ಉಸಿರೇ ಸುಡುತ್ತಿತ್ತು. ಇದು ತನ್ನನ್ನು ಕರೆದುಕೊಂಡು ಹೋಗುವ ಜ್ವರ ಅಂತ ಆಕೆ ಒಳಗೊಳಗೇ ಲೆಕ್ಕ ಹಾಕಿಬಿಟ್ಟಿದ್ದಳು. ಹೆದರಿಕೆ ಆಗಿರಲಿಲ್ಲ. ಒಬ್ಬಳೇ ಇರುವಾಗ ಆಗಬಾರದು, ಯಾರಾದರೂ ಬಾಜೂಕ ಇರಬೇಕು ಅನ್ನುವುದೊಂದೇ ಇತ್ತು.

ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದಳು: ಮೈಯಲ್ಲಿ ಜ್ವರ ಇದ್ದಾಗ ಯಾರಾದರೂ ಹೆಸರು ಹಿಡಿದು ಕೂಗಿದರೆ ಓ ಅನ್ನಬಾರದು. ಹೋದವರು ಬಂದು ಕರೆಯುತ್ತಾರೆ, ಓ ಅಂದರೆ ಅವರ ಬೆನ್ನು ಹತ್ತಿ ಹೋದಂತೆಯೇ.

ಅಂದು ಜ್ವರದ ಪಾಳಿ. ನಡುಕ ಮುಗಿದು ಮೈ ಕಾಯುವುದಕ್ಕೆ ಹತ್ತಿತ್ತು. ಹಿತ್ತಲ ಓಣಿಯಿಂದ ಯಾರೋ ಕೂಗಿದರು.

“ಕಸ್ತೂರೆವ್ವಾ…”

ಗೌರಕ್ಕ ಕಣ್ಣು ತೆರೆದಳು. ಗಂಡಸಿನ ದನಿ. ಕೊನೆಯ ಅಕ್ಷರವನ್ನು ಎಳೆದು ಗಾಳಿಗೆ ಬಿಡುವ ದನಿ. ಈ ಕಡೆ ಹಾಗೆ ಯಾರೂ ಕೂಗುವುದಿಲ್ಲ. ಇಲ್ಲಿ ಗಿಡಗಂಟಿ ಒತ್ತಾಗಿ, ಮನೆ ಮನೆಗೆ ಹತ್ತಿ, ಕರೆಯುವುದೆಲ್ಲ ಮೊಟಕು. ಹಾಗೆ ಎಳೆದು ಕೂಗುವವರು ನವಲಗುಂದದ ಎರೆಹೊಲದವರು. ಅಲ್ಲಿ ಒಂದು ಹೊಲದಿಂದ ಇನ್ನೊಂದಕ್ಕೆ ಮರದ ಅಡ್ಡಿ ಇಲ್ಲ, ದನಿ ಎಲ್ಲಿಯವರೆಗೂ ಹೋಗುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ ಹೊತ್ತು ಮುಳುಗುವಾಗ ಅಪ್ಪ ಹಾಗೆಯೇ ಕರೆಯುತ್ತಿದ್ದ. ಅಪ್ಪ ಸತ್ತು ಇಪ್ಪತ್ತು ವರ್ಷದ ಮೇಲಾಯಿತು.

“ಕಸ್ತೂರೆವ್ವಾ…”

ಜಮಖಾನೆಯ ಅಂಚನ್ನು ಬಾಯಲ್ಲಿ ಕಚ್ಚಿಕೊಂಡಳು. ಓ ಅನ್ನಬೇಕೆಂದು ಎದೆ ಬಡಿದುಕೊಳ್ಳುತ್ತಿತ್ತು. ಅನ್ನಲಿಲ್ಲ. ದನಿ ಗೋಡೆಯ ಗುಂಟ ಸರಿದು, ಸುತ್ತುಬಳಸಿ, ಮನೆಯ ಮುಂದಕ್ಕೆ ಹೋಯಿತು. ಅಲ್ಲಿ ಕಟ್ಟೆಯ ಮೇಲೆ ಗಂಡ ಮತ್ತು ಬಾಜೂ ಮನೆಯ ಕುಬೇರಪ್ಪ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಅವರ ಮಾತು ನಡುಮನೆ ದಾಟಿ ಹಿಂದಿನ ಕೋಣೆಗೆ ಸ್ಪಷ್ಟವಾಗಿ ಬರುತ್ತಿತ್ತು.

“ನಮಸ್ಕಾರ್ರಿ. ನಾನು ರಹಿಮಾನಸಾಬ ಅಂತ, ಮಲೇರಿಯಾ ಕಡೆಯಾಂವ. ಈ ಭಾಗಕ್ಕ ಹೊಸದಾಗಿ ಬಂದೀನ್ರಿ. ನಿಮ್ಮೂರಾಗ ಕಸ್ತೂರೆವ್ವ ಅನ್ನಾವರು ಯಾರದಾರ?”

“ಕಸ್ತೂರೆವ್ವ ಅಂದ್ರ ನಮ್ಮವ್ವ” ಅಂದ ಈರಬಸಪ್ಪ.

“ಛಲೋ ಆತ್ರಿ. ಓಣಿ ಓಣಿ ಕೂಗಿ ಗಂಟಲಾ ಹರೀತು. ಕರೀರಿ ಅವರನ್ನ, ಗುಳಗಿ ಕೊಡಬೇಕು.”

“ತೀರಿಕೊಂಡು ಎಂಟು ವರ್ಷ ಆತಪಾ.”

ಕಾಗದ ಬಿಚ್ಚಿದ ಸಪ್ಪಳ ಕೇಳಿತು.

“ಹಂಗಲ್ರಿ” ಅಂದಿತು ಆ ದನಿ. “ಹೋದ ತಿಂಗಳ ಸಂತಿ ದಿನ ದವಾಖಾನ್ಯಾಗ ನೆತ್ತರ ಕೊಟ್ಟಾರ. ದುರ್ಬೀನಿನಾಗ ನೋಡಿದ್ರ ಮಲೇರಿಯಾ ಐತಿ ಅಂತ ಬಂದೈತಿ. ಬಮ್ಮಿಗಟ್ಟಿ ಕಸ್ತೂರೆವ್ವ. ನೋಡ್ರಿ ಬೇಕಾದ್ರ.”

ಕುಬೇರಪ್ಪ ಎಲೆ ಉಗುಳಿ ನಕ್ಕ. “ಈರಬಸಪ್ಪಾ, ನಿಮ್ಮವ್ವ ಇದ್ದಾಗಲೂ ಒಂದು ಕಡೆ ಕುಂತಾಕಿ ಅಲ್ಲ ಬಿಡು. ಈಗ ಸಂತಿ ಮಾಡಿ, ನೆತ್ತರಾ ಕೊಟ್ಟು, ಮತ್ತ ಹೋಗಿ ಮಲಕೊಂಡಾಳ.”

“ನೀ ಸುಮ್ನಿರಲೇ” ಅಂದು ಈರಬಸಪ್ಪ ಬಂದವನಿಗೆ ಹೇಳಿದ: “ಅವತ್ತ ನಮ್ಮ ಮನ್ಯಾಗಿನಾಕಿನೂ ನೆತ್ತರ ಕೊಟ್ಟಾಳ. ಆದ್ರ ಆಕಿ ಹೆಸರು ಗೌರಕ್ಕ. ಆಕಿದೇನರ ಬಂದೈತೇನು?”

“ಗೌರಕ್ಕ ಅಂತ ಇಲ್ರಿ. ಬಂದಿಲ್ಲ ಅಂದ್ರ ಅವರ ನೆತ್ತರ ಸ್ವಚ್ಛ ಐತಿ ಅಂತ ತಿಳೀರಿ. ನಾವು ಇದ್ದವರ ಮನಿಗೆ ಅಷ್ಟ ಹೋಗೋದು. ಇಲ್ಲದವರಿಗೆ ಏನೂ ಹೇಳಿ ಕಳಸೂದಿಲ್ಲ.”

ಗೌರಕ್ಕ ಬಾಯಿಂದ ಜಮಖಾನೆ ಬಿಟ್ಟಳು. ಹೋದವರು ಕರೆದರೆ ಕರೆಸಿಕೊಂಡವರಿಗೆ ಮಾತ್ರ ಕೇಳಬೇಕು. ಈ ದನಿಗೆ ಗಂಡ ಉತ್ತರ ಕೊಡುತ್ತಿದ್ದಾನೆ, ಕುಬೇರಪ್ಪ ನಗುತ್ತಿದ್ದಾನೆ. ಅಂದರೆ ಇದು ಬದುಕಿದ ಮನುಷ್ಯನ ದನಿ. ಗುಳಿಗೆ ತಂದಿರುವ ದನಿ. ಏಳಲು ನೋಡಿದಳು. ಮೊಣಕಾಲು ಮಡಿಚಿ ಹಾಸಿಗೆಯ ಮೇಲೇ ಬಿದ್ದಳು. ಕರೆಯಲು ನೋಡಿದಳು. ನಾಲಿಗೆ ಒಣಗಿ ಅಂಗುಳಕ್ಕೆ ಹತ್ತಿತ್ತು. ಅಕ್ಕಿಯ ತಾಟಿನ ಮುಂದೆ ತನ್ನ ಜೋಡಿ ಕೂತಿದ್ದವನು ಗಂಡನೇ. ಆತನಿಗೂ ನೆನಪಿರಲಿಲ್ಲ.

“ನಾಳೆ ಮುಂಜಾನೆ ಇನ್ನೊಮ್ಮೆ ಬಂದು ಕೇಳತೀನ್ರಿ” ಅನ್ನುತ್ತಿದ್ದ ಬಂದವನು. “ಸಿಗಲಿಲ್ಲ ಅಂದ್ರ ಇಂಥವರು ಈ ಊರಾಗ ಇಲ್ಲ ಅಂತ ಬರದು ಕಾಗದ ತಿರುಗಿಸಿ ಕಳಸೋದು. ಮತ್ತೇನು ಮಾಡ್ಲಿ.”

ದೀಪ ಹಚ್ಚುವ ಹೊತ್ತಿಗೆ ಮಹಾದೇವಕ್ಕ ಗಂಜಿ ತಂದಿಟ್ಟಳು. “ನಿಮ್ಮ ನೆತ್ತರದಾಗ ಏನೂ ಇಲ್ಲಂತ ಅಕ್ಕಾರ. ಮಲೇರಿಯಾದಾಂವ ಹೇಳಿ ಹೋದ. ಈಗರ ಎದ್ದು ಒಂದೀಟು ಗಾಳಿಗೆ ಕುಂಡ್ರಿ.”

ಹೇಳಬೇಕು ಅಂತ ಗೌರಕ್ಕ ಬಾಯಿ ತೆರೆದಳು. ಅದು ಅತ್ತೆಯ ಹೆಸರು. ಗಂಜಿ ಕುಡಿದಳು. ಗೋಡೆಯ ಮೇಲೆ ಅತ್ತೆಯ ಫೋಟೋ ಇರಲಿಲ್ಲ, ಅತ್ತೆ ಫೋಟೋ ತೆಗೆಸಿದವಳೇ ಅಲ್ಲ. ಆದರೂ ಗೋಡೆಗೆ ಮುಖ ಮಾಡಿ ಮಲಗಲು ಮನಸ್ಸಾಗಲಿಲ್ಲ.

ಮರುದಿನ ಬಿಡುವಿನ ದಿನ. ಗೌರಕ್ಕ ಮುಖ ತೊಳೆದು ಹಣೆಗೆ ವಿಭೂತಿ ಹಚ್ಚಿಕೊಂಡು, ಸೀರೆ ಬದಲಿಸಿ, ನಡುಮನೆ ದಾಟಿ ಬಂದು ತಲೆಬಾಗಿಲ ಹಿಂದೆ ನಿಂತಳು. ಆ ಬಾಗಿಲಿಗೆ ಆಕೆ ಬಂದು ವರ್ಷಗಳಾಗಿದ್ದವು. ಆಕೆಯ ಓಡಾಟವೆಲ್ಲ ಹಿತ್ತಲಿನಿಂದ. ಸಂದಿನಿಂದ ನೋಡಿದಳು. ಖಾಕಿ ಅಂಗಿ, ಹೆಗಲಿಗೆ ಚೀಲ, ನೆರೆತ ಗಡ್ಡ. ಅಪ್ಪನ ಹಾಗೆ ಇರಲಿಲ್ಲ. ಕಟ್ಟೆಯ ತುದಿಯಲ್ಲಿ ಕೂತು ಬಸಿಯಲ್ಲಿ ಚಹಾ ಆರಿಸುತ್ತಿದ್ದ.

“ಸಿಗಲಿಲ್ಲೇನು ನಿನ್ನ ಕಸ್ತೂರೆವ್ವ?” ಅಂದ ಕುಬೇರಪ್ಪ.

“ಇಲ್ರಿ. ಮ್ಯಾಗಿನ ಓಣಿ, ಕೆಳಗಿನ ಓಣಿ, ಎಲ್ಲಾ ಆತು. ಆ ಹೆಸರಿನವರು ಒಬ್ಬರಽ, ಅವರು ತೀರಿಕೊಂಡಾರ ಅಂತಾರ.”

“ಸ್ಮಶಾನದ ಕಡೆ ಒಮ್ಮೆ ಕೂಗಿ ನೋಡು. ಓ ಅಂದ್ರ ಗುಳಗಿ ಇಟ್ಟು ಬಾ.”

ರಹಿಮಾನಸಾಬ ನಕ್ಕ. ಚಹಾ ಮುಗಿಸಿ ಬಸಿ ಕೆಳಗಿಟ್ಟ. ಚೀಲದ ಪಟ್ಟಿ ಹೆಗಲಿಗೆ ಏರಿಸಿಕೊಂಡು ಎದ್ದ.

ಗೌರಕ್ಕ ಹೊಸ್ತಿಲು ದಾಟಿದಳು. ಸೆರಗು ಬಿಗಿ ಹಿಡಿದುಕೊಂಡು, ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು ನಿಂತು ಹೇಳಿದಳು: “ಅದು ನಾನ್ರಿ. ಕಸ್ತೂರೆವ್ವ.”

ಈರಬಸಪ್ಪ ತಿರುಗಿ ನೋಡಿದ. ಹೆಂಡತಿ ಮುಂಬಾಗಿಲಿಗೆ ಬಂದದ್ದಕ್ಕೋ, ನಾಲ್ಕು ಮಂದಿಯೆದುರು ತನ್ನ ತಾಯಿಯ ಹೆಸರು ಆಡಿದ್ದಕ್ಕೋ, ಅವನ ಮುಖ ಕಪ್ಪಿಟ್ಟಿತು.

“ಏನಂದಿ?”

“ನಮ್ಮಪ್ಪ ಇಟ್ಟ ಹೆಸರು” ಅಂದಳು ಗೌರಕ್ಕ. “ಇಲ್ಲಿ ಬಂದ ಮ್ಯಾಲೆ ಬ್ಯಾರೆ ಇಟ್ರು. ದವಾಖಾನ್ಯಾಗ ಕೇಳಿದಾಗ ಅದಽ ಬಂತು.” ಇಷ್ಟು ಮಾತು ಗಂಡನ ಮುಂದೆ ಒಟ್ಟಿಗೆ ಆಡಿ ಆಕೆಗೆ ರೂಢಿ ಇರಲಿಲ್ಲ. ಉಸಿರು ಏರಿತು.

ಕುಬೇರಪ್ಪ ನೆಲ ಕೆದರುತ್ತ ಕೂತ. ಈರಬಸಪ್ಪ ರಹಿಮಾನಸಾಬನಿಗೆ, “ಆಕಿ ಹೆಸರು ಗೌರಕ್ಕ. ತಿದ್ದಿ ಬರಕೊ” ಅಂದ.

“ತಿದ್ದಾಕ ಬರಾಂಗಿಲ್ರಿ. ಯಾವ ಹೆಸರಿನ ನೆತ್ತರದಾಗ ಸಿಕ್ಕೈತೋ ಆ ಹೆಸರಿಗೇ ಗುಳಗಿ ಕೊಡಬೇಕು. ಇಲ್ಲಂದ್ರ ನನಗ ಕೇಳತಾರ.” ಆತ ಗೌರಕ್ಕನ ಕಡೆ ನೋಡಿದ. ಉಗುರು ನೋಡಿದ, ಕಣ್ಣಿನ ಬಿಳುಪು ನೋಡಿದ. “ಕುಂಡ್ರಿ ಯವ್ವಾ, ನಿಂದರಬ್ಯಾಡ್ರಿ. ಒಂದು ತಂಬಿಗಿ ನೀರು ತರಸ್ರಿ. ಹೊಟ್ಟ್ಯಾಗ ಏನರ ಹಾಕ್ಕೊಂಡೀರೇನು? ಹಸದ ಹೊಟ್ಟಿಗೆ ಇದು ನಿಂದರೂದಿಲ್ಲ.”

ಮಹಾದೇವಕ್ಕ ತಂಬಿಗೆ ತಂದಳು, ಒಂದು ತುಂಡು ರೊಟ್ಟಿಯನ್ನೂ ತಂದಳು. ಈರಬಸಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ಹೋದ.

ಗುಳಿಗೆ ಐದು ದಿನದ್ದು. ಪ್ರತಿದಿನ ಬಂದು ಕಣ್ಣೆದುರಿಗೇ ನುಂಗಿಸಬೇಕು ಅನ್ನುವುದು ಅವರ ನೇಮ. ಮರುದಿನದಿಂದ ರಹಿಮಾನಸಾಬ ಮುಂಬಾಗಿಲಿಗೆ ಹೋಗಲಿಲ್ಲ. ಹಿತ್ತಲ ಓಣಿಯಲ್ಲಿ ನಿಂತು ಆ ಎಳೆತದಿಂದಲೇ ಕರೆಯುತ್ತಿದ್ದ. ಮೊದಲ ದಿನ ಗೌರಕ್ಕ ಬಾಗಿಲಿಗೆ ಬಂದು ಸುಮ್ಮನೆ ನಿಂತಳು. ಎರಡನೆಯ ದಿನ ಒಳಗಿಂದಲೇ ಓ ಅಂದಳು. ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗಂಡಸು ಹಿತ್ತಲಿಗೆ ಬರುತ್ತಾನೆ ಅಂದ ಮೇಲೆ ಯಾರಾದರೂ ಇರಬೇಕು. ಮಹಾದೇವಕ್ಕ ಕಿರಿಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಮಾತೆಲ್ಲ ಅವಳದೇ.

“ಅಲ್ಲ ಸಾಬ್ರ, ಆ ದುರ್ಬೀನಿನಾಗ ಏನು ಕಾಣತೈತಿ?”

“ನಾ ಒಮ್ಮೆ ನೋಡೀನ್ರಿ. ಉಂಗುರ ಕಾಣತಾವು. ಸಣ್ಣ ಸಣ್ಣವು, ನೀಲಿ. ಒಂದು ಬಾಜು ಕೆಂಪು ಹರಳು ಕೂಡ್ಸಿದಂಗ.”

“ಯವ್ವ, ಅಕ್ಕಾರ ಮೈಯಾಗ ಹರಳಿನ ಉಂಗುರ ಅದಾವು ಅಂತ ಮೊದಲಽ ಗೊತ್ತಿದ್ರ ನಮ್ಮ ಯಜಮಾನ್ರು ಸಂತಿಗೆ ಒಯ್ದು ಮಾರಿ ಎತ್ತು ತರತಿದ್ರು.”

ಗೌರಕ್ಕನಿಗೆ ನಗು ಬಂತು. ನೀರು ನೆತ್ತಿಗೇರಿ ಕೆಮ್ಮಿದಳು.

ರಹಿಮಾನಸಾಬ ನವಲಗುಂದದವನು. ಅವನ ಹೆಂಡತಿ ಮಲಿಕಾಬಿ ಅಲ್ಲಿ ಮನೆಯಲ್ಲೇ ಮಗ್ಗ ಹಾಕಿಕೊಂಡು ಜಮಖಾನೆ ನೇಯುತ್ತಿದ್ದಳು. ಮಗ್ಗ ಬಿಟ್ಟು ಬರಲಾರಳು, ಆತ ನೌಕರಿ ಬಿಟ್ಟು ಹೋಗಲಾರ. ಕಲಘಟಗಿಯಲ್ಲಿ ಒಂದು ಖೋಲಿ ಹಿಡಿದು ತಾನೇ ಬೇಯಿಸಿಕೊಂಡು ಉಣ್ಣುತ್ತಿದ್ದ. ಗೌರಕ್ಕನ ಬಾಗಿಲಲ್ಲಿ ಒಣಗಲು ಹಾಕಿದ್ದ ಜಮಖಾನೆಯನ್ನು ಬೆರಳಿನಲ್ಲಿ ತಿಕ್ಕಿ ನೋಡಿ, “ಇದು ನಮ್ಮ ಕಡೆದು” ಅಂದ. ಗೌರಕ್ಕ ಕೇಳಿದಳು: “ಬೆಣ್ಣಿಹಳ್ಳಕ್ಕ ಈಗ ಸೇತುವಿ ಆಗೇತಂತ, ಹೌದಾ?”

“ಆಗೇತ್ರಿ. ಮಳಿ ಬಂದ್ರ ಅದರ ಮ್ಯಾಲೂ ನೀರು ಬರತೈತಿ.”

“ಬರತೈತಿ” ಅಂದಳು ಗೌರಕ್ಕ. ತಾನೇ ನಿಂತು ನೋಡಿದಂತೆ.

ಆ ದಿನ ಆತ ಹೋದ ಮೇಲೂ ಮಹಾದೇವಕ್ಕ ಏಳಲಿಲ್ಲ. ಕೂಸನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಿಸಿದಳು. “ಅಕ್ಕಾರ, ನಂದೂ ಬ್ಯಾರೆ ಇತ್ರಿ” ಅಂದಳು ಸಣ್ಣ ದನಿಯಲ್ಲಿ.

“ಏನು?”

“ಹೆಸರು. ಹನಮವ್ವ ಅಂತ. ಶಿವನ ಮನಿಯಾಗ ಹನಮವ್ವ ಯಾಕ ಅಂತ ಅತ್ತಿ ಬದಲಿ ಮಾಡಿದ್ರು.” ಸ್ವಲ್ಪ ನಕ್ಕಳು. ನಗುತ್ತಲೇ ಇದ್ದವಳು ಮೂಗು ಒರೆಸಿಕೊಂಡಳು. “ಯಾರ ಮುಂದೂ ಅನಬ್ಯಾಡ್ರಿ ಮತ್ತ.”

ಮರುದಿನ ಗೌರಕ್ಕ ಅವಳ ಮುಖ ನೋಡಿದಳು. ಮಹಾದೇವಕ್ಕ ಎಂದಿನಂತೆ ಕೂಸಿಗೆ ಬೈಯುತ್ತ, “ಅಕ್ಕಾರ, ಕರುವಿಗೆ ನೀರ ತೋರಸೀರೇನು?” ಅಂತ ಕೇಳುತ್ತಿದ್ದಳು. ಆ ಮಾತು ಮತ್ತೆ ಬರಲಿಲ್ಲ.

ಗುಳಿಗೆ ಮುಗಿದವು. ಜ್ವರ ಬರಬೇಕಾದ ದಿನ ಬರಲಿಲ್ಲ, ಮುಂದಿನ ಪಾಳಿಗೂ ಬರಲಿಲ್ಲ. ಪಕ್ಕೆಯ ಗಡ್ಡೆ ದಿನದಿನಕ್ಕೆ ಕರಗಿತು. ಒಂದು ತಿಂಗಳ ಮೇಲೆ ಮತ್ತೊಮ್ಮೆ ನೆತ್ತರು ನೋಡಬೇಕು ಅಂತ ರಹಿಮಾನಸಾಬ ಹೇಳಿ ಹೋಗಿದ್ದ. ಗದ್ದೆ ಕೊಯ್ಯುವ ದಿನಗಳಲ್ಲಿ ಬಂದ. ಅಂದು ಈರಬಸಪ್ಪನೂ ಹಿತ್ತಲಲ್ಲಿ ಕುಡುಗೋಲಿಗೆ ಹಿಡಿ ಕೂಡಿಸುತ್ತ ಕೂತಿದ್ದ.

ಗೌರಕ್ಕ ತಾನಾಗಿ ಎಡಗೈ ಚಾಚಿದಳು. ರಹಿಮಾನಸಾಬ ಉಂಗುರದ ಬೆರಳು ಒರೆಸಿ, ಚುಚ್ಚಿ, ಮೊದಲ ಹನಿ ಒರೆಸಿ ಹಾಕಿ, ಎರಡನೆಯದನ್ನು ಗಾಜಿನ ಮೇಲೆ ಇಳಿಸಿಕೊಂಡ. ಅದನ್ನು ಇನ್ನೊಂದು ಗಾಜಿನ ಮೂಲೆಯಿಂದ ತಿರುವಿ ದುಂಡಗೆ ಹರಡಿದ. ಬಾಜುವಿಗೆ ಇನ್ನೊಂದು ಸಣ್ಣ ಹನಿ ಇಟ್ಟು ನಾಲಿಗೆಯ ಹಾಗೆ ತೆಳ್ಳಗೆ ಎಳೆದ. ನೊಣ ಕೂಡದಂತೆ ಅಂಗೈ ಮರೆ ಮಾಡಿ, ಆರುವವರೆಗೆ ಹಿಡಿದುಕೊಂಡು ಕೂತ.

“ಹೆಸರು ಗೌರಕ್ಕ ಅಂತ ಬರಿ ಈ ಸಲ” ಅಂದ ಈರಬಸಪ್ಪ, ಕುಡುಗೋಲಿನಿಂದ ಕಣ್ಣೆತ್ತದೆ.

ರಹಿಮಾನಸಾಬ ಸೀಸದ ಕಡ್ಡಿ ಹಿಡಿದು ಗೌರಕ್ಕನ ಕಡೆ ನೋಡಿದ. ಆಕೆ ಗಾಜಿನ ಮೇಲೆ ಕೆಂಪು ಕಂದಾಗುತ್ತಿದ್ದ ಕಲೆಯನ್ನು ನೋಡುತ್ತಿದ್ದಳು.

“ಕಸ್ತೂರೆವ್ವ” ಅಂದಳು. “ಶಂಕ್ರಪ್ಪನ ಮಗಳು.”

ಈರಬಸಪ್ಪ ಕೆಮ್ಮಿದ. ಹಿಡಿಯ ಮೇಲೆ ಕಲ್ಲಿನಿಂದ ಎರಡು ಏಟು ಜೋರಾಗಿ ಹೊಡೆದ. ರಹಿಮಾನಸಾಬ ಬರೆದುಕೊಂಡ.

“ಯಾವಾಗ ತಿಳಿತೈತಿ?” ಅಂತ ಗೌರಕ್ಕ ಕೇಳಿದಳು.

“ಹದಿನೈದು ಇಪ್ಪತ್ತು ದಿನ ಹಿಡಿತೈತ್ರಿ. ಏನರ ಇದ್ರ ನಾ ಬಂದು ಕರೀತೀನಿ. ಬರಲಿಲ್ಲ ಅಂದ್ರ ಛಲೋ ಆತಂತ ತಿಳೀರಿ.”

ಗಾಜನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದ.

ಭತ್ತ ಕಣಕ್ಕೆ ಬಂತು. ಗೌರಕ್ಕ ಈಗ ಕೊಡ ಎತ್ತುವಳು, ಕಣದ ಕೆಲಸಕ್ಕೆ ನಿಲ್ಲುವಳು. ಹಗಲೂಟದ ಹೊತ್ತಿಗೆ ಮಾತ್ರ ಏನಾದರೊಂದು ನೆವ ಮಾಡಿಕೊಂಡು ಹಿತ್ತಲಿಗೆ ಬಂದು ಕೂತಿರುತ್ತಿದ್ದಳು. ಬಿಸಿಲಲ್ಲಿ ಕೈ ಹಿಡಿದು ಉಗುರು ನೋಡಿಕೊಳ್ಳುವಳು. ಉಗುರು ಬೆಳ್ಳಗೇ ಇದ್ದವು. ಓಣಿಯಲ್ಲಿ ದನ ಹೋದವು, ಹುಲ್ಲಿನ ಚಕ್ಕಡಿ ಹೋದವು. ಹದಿನೈದು ದಿನವೂ ಆಯಿತು, ಇಪ್ಪತ್ತೂ ಆಯಿತು. “ನೋಡ್ರಿ ಅಕ್ಕಾರ, ನೀವು ಅಗದಿ ಗುಣ ಆದ್ರಿ” ಅಂದಳು ಮಹಾದೇವಕ್ಕ. ಹೌದು ಅಂದಳು ಗೌರಕ್ಕ.

ಪುಷ್ಯ ಮಾಸದ ಅವರಾತ್ರಿ ಅಮಾವಾಸ್ಯೆ ಹತ್ತಿರ ಬಂದಾಗ ಮುಂಬಾಗಿಲಿಗೆ ಒಬ್ಬ ಹುಡುಗುಮುಖದ ಖಾಕಿಯವನು ಬಂದ. ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯೇ ಅಂತ ಕೇಳಿದ. “ಇಲ್ಲಪಾ, ಎಲ್ಲಾರೂ ಆರಾಮ ಅದೀವಿ” ಅಂದ ಈರಬಸಪ್ಪ. ಆತ ಬಾಗಿಲ ಬಾಜು ಗೋಡೆಯ ಮೇಲೆ ತಾರೀಖು ಬರೆಯತೊಡಗಿದ. ಗೌರಕ್ಕ ನಡುಮನೆಯವರೆಗೆ ಬಂದು ಕಂಬದ ಮರೆಯಿಂದ ಮಹಾದೇವಕ್ಕನ ಕೈಲಿ ಕೇಳಿಸಿದಳು: ಮೊದಲಿನವರು ಎಲ್ಲಿ?

“ರಹಿಮಾನಸಾಬರೇನ್ರಿ? ಅವರಿಗೆ ತಮ್ಮ ಊರ ಕಡೆ ಬದಲಿ ಆತು. ಹೋದ್ರು.”

“ಯಾವಾಗ?”

“ಹೋದ ಗುರುವಾರ. ಈ ಊರಿಗೇ ಬಂದು ಚೀಲಾ ನನಗ ಒಪ್ಪಿಸಿ, ಇಲ್ಲಿಂದನಽ ಮುಂಜಾನಿ ಹುಬ್ಬಳ್ಳಿ ಗಾಡಿ ಹತ್ತಿದ್ರು.”

ಗೌರಕ್ಕ ಒಳಗೆ ಬಂದಳು. ಗುರುವಾರ ಮುಂಜಾನೆ ತಾನು ಕಣದಲ್ಲಿ ಸೆಗಣಿ ಸಾರಿಸುತ್ತಿದ್ದೆ ಅಂತ ನೆನಪಾಯಿತು. ರಸ್ತೆಯ ಕಡೆಯಿಂದ ಗಾಡಿ ಹಾರನ್ ಹೊಡೆದದ್ದೂ ಕೇಳಿತ್ತು. ದಿನಾ ಹೊಡೆಯುವ ಗಾಡಿ ಅಂತ ಆಕೆ ತಲೆ ಎತ್ತಿ ನೋಡಿರಲಿಲ್ಲ.